ಉತ್ತರ ಕೊಡದ ಸಾಹೇಬರು ಮತ್ತು ಸರ್ ಎಂ.ವಿ.

ಸರ್ ಎಂ. ವಿಶ್ವೇಶ್ವರಯ್ಯ ಅಂದ್ರೆ ನಮಗೆಲ್ಲ ಸೆಪ್ಟೆಂಬರ್ 15. ಸ್ಟೇಜ್ ಮೇಲೆ ಒಂದು ಫೋಟೋ, ಒಂದು ಹಾರ, ಮುಖ್ಯ ಅತಿಥಿಗಳ ಭಾಷಣ. ಭಾಷಣದಲ್ಲಿ ರೈಲಿನ ಸದ್ದು ಕೇಳಿ ಹಳಿ ಮುರಿದದ್ದು ಕಂಡುಹಿಡಿದ ಕತೆ ಬರುತ್ತೆ, ಎರಡು ದೀಪದ ಕತೆ ಬರುತ್ತೆ, ಆಮೇಲೆ ಎಲ್ಲರೂ ಕ್ಯಾಂಟೀನ್ ಕಡೆ ಹೋಗ್ತೀವಿ. ಆ ಕತೆಗಳು ನಿಮಗೆ ಬಾಯಿಪಾಠ ಇರುತ್ತವೆ, ಅದಕ್ಕೆ ಇಲ್ಲಿ ಮತ್ತೆ ಬರೆಯಲ್ಲ.

ನಾನು ಬರೆಯೋಕೆ ಹೊರಟಿರೋದು ಅವರ ಜೀವನದ ಇನ್ನೊಂದು ಮಗ್ಗುಲು. ತಮ್ಮ ಮೇಲಿನ ಅಧಿಕಾರಿ ಉತ್ತರ ಕೊಡದೆ ಕೂತಾಗ, ಅಥವಾ ಫೈಲನ್ನು ಟೇಬಲ್ ಮೇಲೆ ಇಟ್ಟುಕೊಂಡು ಹೂಂ ಅಥವಾ ಉಹೂಂ ಏನೂ ಹೇಳದೆ ಇದ್ದಾಗ, ಈ ಮನುಷ್ಯ ಏನು ಮಾಡಿದರು ಅನ್ನೋದು.

ಯಾಕಂದ್ರೆ ಇದು ನಾಳೆ ನಮ್ಮದೇ ಪ್ರಶ್ನೆ. ಪಾಸ್‌ಔಟ್ ಆಗಿ ಹೋದ ಅಣ್ಣಂದಿರು, ಅಕ್ಕಂದಿರು ಕ್ಯಾಂಪಸ್‌ಗೆ ಬಂದಾಗ ಕೆಲಸದಲ್ಲಿ ಏನು ಕಷ್ಟ ಅಂತ ಕೇಳಿ ನೋಡಿ. ಕೋಡಿಂಗ್ ಕಷ್ಟ ಅನ್ನಲ್ಲ, ಸೈಟಿನ ಬಿಸಿಲು ಕಷ್ಟ ಅನ್ನಲ್ಲ. ರಾಯಚೂರಿನವರಿಗೆ ಬಿಸಿಲು ಯಾವ ಲೆಕ್ಕ? ಮೇಲಿನ ಮ್ಯಾನೇಜರ್ ರಿಪ್ಲೈ ಮಾಡಲ್ಲ ಅನ್ನೋದೇ ದೊಡ್ಡ ಕಷ್ಟ ಅಂತಾರೆ. ಮೇಲ್ ಹಾಕಿದ್ರೆ ಉತ್ತರ ಇಲ್ಲ, ಮೆಸೇಜ್ ಹಾಕಿದ್ರೆ ಎರಡು ನೀಲಿ ಗೆರೆ ಬಂದು ಅಲ್ಲಿಗೆ ಮುಗೀತು. ಅಪ್ರೂವಲ್ ಬರದೆ ಕೆಲಸ ನಿಲ್ಲುತ್ತೆ, ಕೆಲಸ ನಿಂತಿದ್ದಕ್ಕೆ ಬೈಗುಳ ಮಾತ್ರ ನಮಗೆ ಬರುತ್ತೆ.

ಸರ್ ಎಂ.ವಿ. ಅವರಿಗೂ ಇದೇ ಆಗಿತ್ತು. ಒಂದು ಸಲ ಅಲ್ಲ, ಜೀವನ ಪೂರ್ತಿ.

ಮುದ್ದೇನಹಳ್ಳಿಯಿಂದ ಪುಣೆಗೆ

ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು. ಹುಡುಗ ಇನ್ನೂ ಶಾಲೆಯಲ್ಲಿ ಇರುವಾಗಲೇ ತೀರಿಕೊಂಡರು. ಮನೆಯಲ್ಲಿ ಹೇಳಿಕೊಳ್ಳುವಂಥ ದುಡ್ಡು ಇರಲಿಲ್ಲ. ಬೆಂಗಳೂರಿಗೆ ಬಂದು, ಬೇರೆಯವರ ಮನೆ ಮಕ್ಕಳಿಗೆ ಪಾಠ ಹೇಳಿ, ಅದರಲ್ಲೇ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್. 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆದರು. ಅಂದ್ರೆ ನಮಗಿಂತ ಮೂರ್ನಾಲ್ಕು ವರ್ಷ ದೊಡ್ಡ ಹುಡುಗ, ಮೊದಲ ನೌಕರಿ, ಮೇಲೆ ಎಲ್ಲ ಇಂಗ್ಲಿಷ್ ಸಾಹೇಬರು.

ಮೊದಲ ಸಾಹೇಬ, ಮೊದಲ ನದಿ

ನೌಕರಿಯ ಆರಂಭದಲ್ಲೇ ಖಾಂದೇಶ ಜಿಲ್ಲೆಯಲ್ಲಿ ಒಂದು ಕೆಲಸ ಬಂತು. ಈಗಿನ ಮಹಾರಾಷ್ಟ್ರದ ಧುಳೆ ಕಡೆ ಪಾಂಜ್ರಾ ಅಂತ ನದಿ. ಆ ನದಿಯ ಒಂದು ಕವಲಿನ ಅಡಿಯಿಂದ ನೀರು ಒಯ್ಯೋ ಪೈಪ್ ಸೈಫನ್ ಕಟ್ಟಬೇಕು. ಸಿವಿಲ್‌ನವರಿಗೆ ಗೊತ್ತು, ಬೇರೆಯವರಿಗೆ ಹೇಳ್ತೀನಿ: ಕಾಲುವೆಗೆ ನದಿ ಅಡ್ಡ ಬಂದ್ರೆ ಒಂದು ದಾರಿ ಅಂದ್ರೆ ನೀರನ್ನು ಪೈಪಿನಲ್ಲಿ ನದಿಯ ತಳದ ಕೆಳಗೆ ಇಳಿಸಿ ಆಚೆ ದಡದಲ್ಲಿ ಮೇಲೆ ಎಬ್ಬಿಸೋದು. ಒಳಗೆ ಹೋಗೋ ಕಡೆ ಮಟ್ಟ ಎತ್ತರ ಇದ್ರೆ ನೀರು ತಾನೇ ಏರುತ್ತೆ, ಪಂಪ್ ಬೇಕಿಲ್ಲ. ಆದ್ರೆ ಕಟ್ಟುವಾಗ ನದಿಯ ತಳ ಅಗೆಯಬೇಕು. ಮಳೆಗಾಲದಲ್ಲಿ ಅಗೆದ್ರೆ ನಿನ್ನೆ ತೋಡಿದ್ದು ಇವತ್ತು ಮರಳು ತುಂಬಿ ಮುಚ್ಚಿಹೋಗುತ್ತೆ.

ಅದೇ ಆಯ್ತು. ಮಳೆ ಹಿಡಿಯಿತು, ತೋಡಿದ್ದೆಲ್ಲ ತುಂಬಿತು. ಮಳೆ ನಿಲ್ಲೋವರೆಗೆ ಕೆಲಸ ನಿಲ್ಲಿಸೋಣ ಅಂತ ಮೇಲಿನ ಎಕ್ಸಿಕ್ಯೂಟಿವ್ ಎಂಜಿನಿಯರ್‌ಗೆ ಬರೆದರು. ಸಾಹೇಬರು ಸೈಟಿಗೆ ಬಂದು ನೋಡಲಿಲ್ಲ, ಕಾರಣ ಏನು ಅಂತ ವಿಚಾರಿಸಲಿಲ್ಲ. ಹೊಸ ಹುಡುಗ ಕೆಲಸ ತಪ್ಪಿಸಿಕೊಳ್ಳೋಕೆ ನೋಡ್ತಿದ್ದಾನೆ, ಶಿಸ್ತಿಲ್ಲ ಅನ್ನೋ ಅರ್ಥದ ಖಾರವಾದ ಉತ್ತರ ಬಂತು.

ಇಲ್ಲಿ ನಾವಾಗಿದ್ರೆ ಎರಡರಲ್ಲಿ ಒಂದು ಮಾಡ್ತಿದ್ವಿ. ಹಾಸ್ಟೆಲ್ ರೂಮಿನಲ್ಲಿ ಕೂತು ಸಾಹೇಬರನ್ನು ಬೈದುಕೊಳ್ತಿದ್ವಿ, ಇಲ್ಲಾಂದ್ರೆ ಕೆಲಸ ಕೆಟ್ಟರೆ ಕೆಡಲಿ ಅಂತ ಸುಮ್ನೆ ಇರ್ತಿದ್ವಿ. ಅವರು ಎರಡೂ ಮಾಡಲಿಲ್ಲ. ವಾದ ಬೆಳೆಸದೆ ಮಳೆಯಲ್ಲೇ ಕೆಲಸ ಮುಂದುವರಿಸಿದರು. ನದಿ ತುಂಬಿ ಸಿಕ್ಕಿಹಾಕಿಕೊಂಡು ಈಜಿ ದಡ ಸೇರಿದ್ದೂ ಆಯ್ತು. ಸೈಫನ್ ಮುಗೀತು. ಆಮೇಲೆ ಅದೇ ಎಕ್ಸಿಕ್ಯೂಟಿವ್ ಎಂಜಿನಿಯರ್ ಇವರ ಕೆಲಸವನ್ನು ಮೆಚ್ಚಿಕೊಂಡರು.

ಈ ಕತೆಯಿಂದ ಸಾಹೇಬ ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿ ನದಿಗೆ ಹಾರಿ ಅನ್ನೋ ಪಾಠ ತಗೋಬೇಡಿ. ಅವತ್ತು ಜೀವಕ್ಕೇ ಅಪಾಯ ಇತ್ತು, ಇವತ್ತಿನ ಸೇಫ್ಟಿ ಆಫೀಸರ್ ಆ ಸೈಟನ್ನು ಬಂದ್ ಮಾಡಿಸ್ತಿದ್ದರು. ನನಗೆ ಮುಖ್ಯ ಅನ್ನಿಸಿದ್ದು, ತಮ್ಮ ಅಭಿಪ್ರಾಯವನ್ನು ಅವರು ಮೊದಲೇ, ಕಾಗದದ ಮೇಲೆ, ಕಾರಣ ಕೊಟ್ಟು ಹೇಳಿದ್ದರು ಅನ್ನೋದು. ಕೆಲಸ ಕೆಟ್ಟ ಮೇಲೆ ನಾನು ಅವತ್ತೇ ಅಂದಿದ್ದೆ ಅಂತ ಹೇಳೋರು ಎಲ್ಲ ಕಡೆ ಸಿಗ್ತಾರೆ. ಕೆಡೋಕೆ ಮೊದಲು ಬರೆದು ಕೊಡೋರು ಕಮ್ಮಿ.

ಮುಚ್ಚಿದ ಬಾಗಿಲು

ಮುಂದಿನ ಇಪ್ಪತ್ತು ವರ್ಷ ಮುಂಬೈ ಪ್ರಾಂತ್ಯದಲ್ಲೇ. 1895ರ ಹೊತ್ತಿಗೆ ಸಿಂಧ್‌ನ ಸಕ್ಕರ್ ಊರಿಗೆ ಕುಡಿಯೋ ನೀರಿನ ವ್ಯವಸ್ಥೆ ಮಾಡಿದರು. ಸಿಂಧೂ ನದಿಯ ನೀರು ಕೆಸರು, ಮುನಿಸಿಪಾಲಿಟಿ ಹತ್ತಿರ ದೊಡ್ಡ ಫಿಲ್ಟರ್ ಕಟ್ಟಿಸೋ ದುಡ್ಡಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿ, ಮರಳೇ ನೀರನ್ನು ಸೋಸೋ ಹಾಗೆ ಮಾಡಿದರು. ಪುಣೆ ಹತ್ತಿರ ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾವೇ ಡಿಸೈನ್ ಮಾಡಿದ ಆಟೋಮ್ಯಾಟಿಕ್ ಗೇಟುಗಳನ್ನು 1903ರಲ್ಲಿ ಕೂರಿಸಿದರು. ಗೋಡೆ ಎತ್ತರಿಸದೆ ಹೆಚ್ಚು ನೀರು ನಿಲ್ಲುತ್ತೆ. ನೆರೆ ಬಂದು ಮಟ್ಟ ಮೀರಿದ್ರೆ ಗೇಟು ತಾನೇ ತೆರೆದುಕೊಳ್ಳುತ್ತೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತೆ. ಪೇಟೆಂಟ್ ಅವರ ಹೆಸರಿನಲ್ಲಿ ಇದ್ದರೂ, ಸರ್ಕಾರದ ಸಂಬಳ ತಗೊಂಡು ಮಾಡಿದ ಕೆಲಸ ಅಂತ ರಾಯಲ್ಟಿ ಬೇಡ ಅಂದರು. ಕಾಲುವೆ ನೀರನ್ನು ಸರದಿ ಪ್ರಕಾರ ಹಂಚೋ ಬ್ಲಾಕ್ ಸಿಸ್ಟಮ್ ಕೂಡ ಈ ಕಾಲದ್ದೇ.

ಇಷ್ಟೆಲ್ಲ ಮಾಡಿದ ಮೇಲೆ ಹಲವು ಸೀನಿಯರ್‌ಗಳನ್ನು ದಾಟಿ ಪ್ರಮೋಷನ್ನೂ ಸಿಕ್ಕಿತು, ಸೂಪರಿಂಟೆಂಡಿಂಗ್ ಎಂಜಿನಿಯರ್ ದರ್ಜೆಗೆ ಬಂದರು. ಅದರ ಮೇಲೆ ಉಳಿದದ್ದು ಚೀಫ್ ಎಂಜಿನಿಯರ್. ಆ ಕುರ್ಚಿ ಬ್ರಿಟಿಷರದ್ದು. ಭಾರತೀಯರಿಗೆ ಕೊಡಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಕೊಡೋದೂ ಇಲ್ಲ. ಇದೂ ಉತ್ತರ ಕೊಡದೆ ಇರೋ ಒಂದು ಬಗೆ. ಇಲ್ಲ ಅಂದುಬಿಟ್ರೆ ನಾವು ಬೇರೆ ದಾರಿ ನೋಡ್ಕೋತೀವಿ. ನೋಡೋಣ ನೋಡೋಣ ಅಂತಾನೇ ಇದ್ರೆ ವಯಸ್ಸು ಕಳೆದುಹೋಗುತ್ತೆ.

ಅವರು ಕಾಯಲಿಲ್ಲ. 1908ರಲ್ಲಿ ಮುಂಬೈ ಸರ್ಕಾರದ ಕೆಲಸ ಬಿಟ್ಟರು. ಪೂರ್ತಿ ಪೆನ್ಷನ್‌ಗೆ ಬೇಕಾದ 25 ವರ್ಷ ಇನ್ನೂ ತುಂಬಿರಲಿಲ್ಲ, ಆದ್ರೂ ಸರ್ಕಾರ ಪೆನ್ಷನ್ ಕೊಟ್ಟಿತು. ಜಗಳ ಇಲ್ಲ, ಪೇಪರಿನಲ್ಲಿ ಹೇಳಿಕೆ ಇಲ್ಲ. ವಿದೇಶ ಪ್ರವಾಸಕ್ಕೆ ಹೊರಟರು.

ನಮ್ಮ ನಿಜಾಮರ ಟೆಲಿಗ್ರಾಂ

ಅವರು ಯುರೋಪಿನಲ್ಲಿ ಇರುವಾಗ, 1908ರ ಸೆಪ್ಟೆಂಬರ್ 28ಕ್ಕೆ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಊರನ್ನೇ ತೊಳೆದುಕೊಂಡು ಹೋಯಿತು. ಸಾವಿರಾರು ಜನ ಸತ್ತರು. ಆಗ ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ಎಲ್ಲ ನಿಜಾಮರ ರಾಜ್ಯದಲ್ಲೇ ಇದ್ದವು, ಹೈದರಾಬಾದೇ ನಮ್ಮ ರಾಜಧಾನಿ. ಆ ಸರ್ಕಾರದಿಂದ ವಿಶ್ವೇಶ್ವರಯ್ಯನವರಿಗೆ ಕರೆ ಹೋಯಿತು. 1909ರಲ್ಲಿ ಬಂದು, ಮಳೆಯ ಲೆಕ್ಕ, ನದಿಯ ಲೆಕ್ಕ ಎಲ್ಲ ತೆಗೆದು, ಊರಿನ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಿ ನೆರೆಯನ್ನು ಅಲ್ಲೇ ಹಿಡಿದು ನಿಲ್ಲಿಸಬೇಕು ಅಂತ ವರದಿ ಕೊಟ್ಟರು. ಅವೇ ಉಸ್ಮಾನ್ ಸಾಗರ್ ಮತ್ತು ಹಿಮಾಯತ್ ಸಾಗರ್. ಮೊದಲನೆಯದು ಮುಗಿದದ್ದು 1920ರಲ್ಲಿ, ಎರಡನೆಯದು 1927ರಲ್ಲಿ.

ಮುಂಬೈಯಲ್ಲಿ ಸಿಗದ ಚೀಫ್ ಎಂಜಿನಿಯರ್ ಕುರ್ಚಿ ಅಷ್ಟರಲ್ಲಿ ಮೈಸೂರಿನಿಂದ ತಾನಾಗಿ ಬಂತು. ಅದಕ್ಕೂ ಅವರು ಕೂಡಲೇ ಹೂಂ ಅನ್ನಲಿಲ್ಲ. ಬರೀ ರಸ್ತೆ, ಕಟ್ಟಡ ರಿಪೇರಿ ಆದ್ರೆ ಬೇಡ, ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣದ ಬಗ್ಗೆ ನಾನು ಹೇಳೋದನ್ನ ಕೇಳ್ತೀರಾ ಅಂತ ಮೊದಲೇ ಬರೆದು ಕೇಳಿದರು. ಒಪ್ಪಿಗೆ ಬಂದ ಮೇಲೆ 1909ರ ನವೆಂಬರ್‌ನಲ್ಲಿ ಸೇರಿದರು. ಇಂಟರ್‌ವ್ಯೂನಲ್ಲಿ ಕೊನೆಗೆ ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ ಅಂತ ಕೇಳಿದಾಗ ನಾವೆಲ್ಲ ತಲೆ ಅಲ್ಲಾಡಿಸಿ ಎದ್ದು ಬರ್ತೀವಲ್ಲ, ಆಗ ಇದು ನೆನಪಾಗಲಿ. ಮೇಲಿನವರು ಉತ್ತರ ಕೊಡೋ ಜನವೋ ಅಲ್ಲವೋ ಅಂತ ಸೇರೋಕೆ ಮೊದಲೇ ಸ್ವಲ್ಪ ತಿಳಿಯಬಹುದು.

ಕನ್ನಂಬಾಡಿಯ ಫೈಲು

ಈಗ ಮುಖ್ಯ ಕತೆಗೆ ಬರೋಣ.

ಮೈಸೂರು ಸಂಸ್ಥಾನದಲ್ಲಿ 1902ರಿಂದಲೇ ಶಿವನಸಮುದ್ರದಲ್ಲಿ ಕರೆಂಟ್ ತಯಾರಾಗ್ತಿತ್ತು. ಅದು ಹೋಗ್ತಿದ್ದದ್ದು ಮುಖ್ಯವಾಗಿ ಕೋಲಾರದ ಚಿನ್ನದ ಗಣಿಗೆ. ಬೇಸಿಗೆಯಲ್ಲಿ ಕಾವೇರಿ ಸಣ್ಣಗಾದ್ರೆ ಕರೆಂಟೂ ಸಣ್ಣಗಾಗ್ತಿತ್ತು. ಗಣಿಯವರಿಗೆ ಇನ್ನೂ ಹೆಚ್ಚು ಬೇಕಿತ್ತು. ಇನ್ನೊಂದು ಕಡೆ ಮಂಡ್ಯದ ಭೂಮಿ ಮಳೆ ನಂಬಿಕೊಂಡು ಒಣಗ್ತಿತ್ತು. ಎರಡಕ್ಕೂ ಒಂದೇ ಮದ್ದು ಅಂತ ಚೀಫ್ ಎಂಜಿನಿಯರ್ ಕನ್ನಂಬಾಡಿ ಹತ್ತಿರ ಕಾವೇರಿಗೆ ದೊಡ್ಡ ಅಣೆಕಟ್ಟಿನ ಯೋಜನೆ ಹಾಕಿದರು. ಸಂಗ್ರಹ 41.5 ಟಿಎಂಸಿ. ಖರ್ಚು ಸುಮಾರು ಎರಡೂವರೆ ಕೋಟಿ ರೂಪಾಯಿ.

ಆಗಿನ ಎರಡೂವರೆ ಕೋಟಿ ಅಂದ್ರೆ ಸಣ್ಣ ಸಂಸ್ಥಾನಕ್ಕೆ ಹುಡುಗಾಟದ ಮಾತಲ್ಲ. ಹಣಕಾಸಿನ ಕಡೆಯವರು ಆಕ್ಷೇಪ ಎತ್ತಿದರು. ಇಷ್ಟು ದುಡ್ಡು ನೀರಿಗೆ ಹಾಕಿ ವಾಪಸ್ ಬರದೆ ಹೋದ್ರೆ? ಕೇಳಬೇಕಾದ ಪ್ರಶ್ನೆಯೇ. ಆದ್ರೆ ಫೈಲು ಮುಂದೆ ಹೋಗಲಿಲ್ಲ. ಇವರು ಲೆಕ್ಕ ಕೊಟ್ಟರು: ಗಣಿಗೆ ಮಾರುವ ಕರೆಂಟಿನಿಂದ ಎಷ್ಟು ಬರುತ್ತೆ, ನೀರಾವರಿಯಿಂದ ಎಷ್ಟು ಬರುತ್ತೆ, ಒಂದೇ ಸಲ ಬೇಡ ಅಂದ್ರೆ ಎರಡು ಹಂತದಲ್ಲಿ ಹೇಗೆ ಕಟ್ಟಬಹುದು. ಆದರೂ ನಿರ್ಧಾರ ಇಲ್ಲ.

ಆಗ ಅವರು ಬೇಜಾರಾದರು. ಇಷ್ಟು ದೊಡ್ಡ ಮನುಷ್ಯರು ಬೇಜಾರೇ ಮಾಡಿಕೊಳ್ಳಲ್ಲ ಅಂತ ನಾವು ಅಂದ್ಕೊಂಡಿರ್ತೀವಿ. ಅವರಿಗೆ ಉತ್ಸಾಹವೇ ಹೋಯಿತು, ಹೊಸ ಪ್ರಸ್ತಾವ ತರೋದನ್ನೇ ಕಮ್ಮಿ ಮಾಡಿದರು. ಈ ಸುದ್ದಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಮುಟ್ಟಿತು. ಮಹಾರಾಜರು ಕೇಳಿದಾಗ ಮುಚ್ಚಿಡಲಿಲ್ಲ. ದೊಡ್ಡ ಕೆಲಸ ಮಾಡೋಕೆ ಅವಕಾಶ ಸಿಗುತ್ತೆ ಅಂತ ಬಂದೆ, ಅದು ಸಿಗ್ತಿಲ್ಲ ಅನ್ನೋದನ್ನ ನೇರವಾಗಿ ತಿಳಿಸಿದರು. ಆತುರ ಬೇಡ ಅಂತ ಮಹಾರಾಜರು ಸಮಾಧಾನ ಮಾಡಿದರು. ಆಮೇಲೆ 1911ರ ಅಕ್ಟೋಬರ್‌ನಲ್ಲಿ ಯೋಜನೆಗೆ ಮಂಜೂರಾತಿ ಬಂತು. ಮುಂದಿನ ತಿಂಗಳೇ ಕೆಲಸ ಶುರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅವರು ಹಣಕಾಸಿನ ಅಧಿಕಾರಿಯ ಮೇಲೆ ಚಾಡಿ ಹೇಳಲಿಲ್ಲ. ಕೇಳಿದಾಗ ತಮ್ಮ ಸ್ಥಿತಿ ಹೇಳಿದರು, ಅಷ್ಟೇ. ಎಸ್ಕಲೇಷನ್ ಅಂತ ಕಂಪನಿಗಳಲ್ಲಿ ಅಂತಾರಲ್ಲ, ಅದರಲ್ಲಿ ಎರಡು ಥರ ಇದೆ. ಒಂದು ಆ ಮನುಷ್ಯ ಸರಿಯಿಲ್ಲ ಅನ್ನೋದು, ಇನ್ನೊಂದು ಈ ಕೆಲಸ ಇಲ್ಲಿ ನಿಂತಿದೆ ಅನ್ನೋದು. ಎರಡನೆಯದಕ್ಕೇ ಉತ್ತರ ಬರೋ ಸಾಧ್ಯತೆ ಹೆಚ್ಚು. ಇನ್ನೊಂದು ಮಾತು, ಅವರ ಹತ್ತಿರ ಮಾತಿಗೆ ಹಿಂದೆ ಲೆಕ್ಕದ ಕಾಗದ ಇತ್ತು. ಮಹಾರಾಜರು ತಗೊಂಡದ್ದು ಇವರ ಬೇಜಾರಿನ ಮೇಲಿನ ನಿರ್ಧಾರ ಅಲ್ಲ, ಆ ಲೆಕ್ಕದ ಮೇಲಿನ ನಿರ್ಧಾರ.

ಮದ್ರಾಸಿನ ಒಪ್ಪಿಗೆ ಮತ್ತು ಒಂದು ಅಡಿಪಾಯ

ಮಹಾರಾಜರ ಸಹಿ ಸಿಕ್ಕರೆ ಮುಗೀತಾ? ಇಲ್ಲ. 1892ರ ಒಪ್ಪಂದದ ಪ್ರಕಾರ ಕಾವೇರಿ ಮೇಲೆ ಮೈಸೂರು ಹೊಸ ಅಣೆಕಟ್ಟು ಕಟ್ಟಬೇಕು ಅಂದ್ರೆ ಕೆಳಗಿನ ಮದ್ರಾಸ್ ಸರ್ಕಾರದ ಒಪ್ಪಿಗೆ ಬೇಕು. ಮದ್ರಾಸಿಗೆ ಮೆಟ್ಟೂರಿನಲ್ಲಿ ತನ್ನದೇ ಅಣೆಕಟ್ಟಿನ ಯೋಚನೆ ಇತ್ತು. ಅದು 41.5 ಟಿಎಂಸಿಗೆ ಒಪ್ಪಲಿಲ್ಲ. ವಿಷಯ ಭಾರತ ಸರ್ಕಾರದ ತನಕ ಹೋಗಿ, ಸದ್ಯಕ್ಕೆ 11 ಟಿಎಂಸಿ ಮಾತ್ರ ಅಂತ ಅನುಮತಿ ಬಂತು. ಉಳಿದದ್ದಕ್ಕೆ ಹೌದು ಅನ್ನೋ ಉತ್ತರವೂ ಇಲ್ಲ, ಇಲ್ಲ ಅನ್ನೋ ಉತ್ತರವೂ ಇಲ್ಲ.

ಈಗ ಎಂಜಿನಿಯರ್ ಮುಂದೆ ಇರೋ ಪ್ರಶ್ನೆ ಏನು ನೋಡಿ. ಮೊದಲ ಹಂತಕ್ಕೆ ಅಣೆಕಟ್ಟು ಸುಮಾರು 80 ಅಡಿ ಸಾಕು. ಪೂರ್ತಿ ಯೋಜನೆಗೆ 124 ಅಡಿ ಬೇಕು. ಆಮೇಲೆ ಒಪ್ಪಿಗೆ ಸಿಕ್ಕಾಗ ಮೇಲೆ 44 ಅಡಿ ಕಟ್ಟಿದ್ರೆ ಆಯ್ತಲ್ಲ ಅಂತ ಕಾಣುತ್ತೆ. ಆಗಲ್ಲ. ಕೆಆರ್‌ಎಸ್ ಗ್ರ್ಯಾವಿಟಿ ಡ್ಯಾಂ, ತನ್ನ ಭಾರದಿಂದಲೇ ನೀರನ್ನು ತಡೆದು ನಿಲ್ಲೋದು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ್ದು ನೆನಪು ಮಾಡ್ಕೊಳ್ಳಿ: ಗೋಡೆ ಮೇಲಿನ ನೀರಿನ ಒಟ್ಟು ಒತ್ತಡ ಆಳದ ವರ್ಗದ ಹಾಗೆ ಏರುತ್ತೆ, ಬುಡದಲ್ಲಿ ಮಗುಚಿ ಹಾಕೋ ಮೊಮೆಂಟ್ ಆಳದ ಘನದ ಹಾಗೆ ಏರುತ್ತೆ. 124ನ್ನು 80ರಿಂದ ಭಾಗಿಸಿದ್ರೆ 1.55. ವರ್ಗ ಮಾಡಿದ್ರೆ ಸುಮಾರು 2.4, ಘನ ಮಾಡಿದ್ರೆ ಸುಮಾರು 3.7. ಅಂದ್ರೆ ಎತ್ತರ ಒಂದೂವರೆ ಪಟ್ಟು ಆದ್ರೆ ಮಗುಚೋ ಶಕ್ತಿ ಮೂರೂವರೆ ಪಟ್ಟಿಗಿಂತ ಜಾಸ್ತಿ. 80 ಅಡಿಗೆ ಹಾಕಿದ ಬುಡದ ಮೇಲೆ 124 ಅಡಿ ಎತ್ತಿದ್ರೆ ನಿಲ್ಲಲ್ಲ. ಅಡಿಪಾಯ ಹಾಕೋದು ಒಂದೇ ಸಲ.

ಅದಕ್ಕೆ ಅವರು ಅಡಿಪಾಯವನ್ನು ಪೂರ್ತಿ ಯೋಜನೆಗೆ ಬೇಕಾದಷ್ಟು ಅಗಲ ಹಾಕಿಸಿದರು. ಅನುಮತಿ 11 ಟಿಎಂಸಿಗೆ, ಬುಡ 41.5 ಟಿಎಂಸಿಗೆ. ಒಪ್ಪಿಗೆ ಬರದೇ ಹೋಗಿದ್ರೆ ಅಷ್ಟು ಕಲ್ಲು, ಗಾರೆ, ದುಡ್ಡು ನೆಲದೊಳಗೆ ವ್ಯರ್ಥ ಆಗ್ತಿತ್ತು, ಹೊಣೆ ಇವರ ತಲೆ ಮೇಲೆ ಬರ್ತಿತ್ತು. ಮದ್ರಾಸಿನವರು ಇದನ್ನು ಕಂಡು ಸಿಟ್ಟಾದರು. ವಿಷಯ ಪಂಚಾಯ್ತಿಗೆ ಹೋಯಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಗ್ರಿಫಿನ್ 1914ರಲ್ಲಿ ತೀರ್ಪು ಕೊಟ್ಟರು, ಅದು ಹೆಚ್ಚಾಗಿ ಮೈಸೂರಿನ ಕಡೆ ಬಂತು. ಮದ್ರಾಸು ಲಂಡನ್ ತನಕ ಮೇಲ್ಮನವಿ ಹೋಯಿತು. ಕೊನೆಗೆ 1924ರಲ್ಲಿ ಎರಡೂ ಕಡೆ ಒಪ್ಪಂದ ಆಗಿ, ಮೇಲೆ ಕೆಆರ್‌ಎಸ್, ಕೆಳಗೆ ಮೆಟ್ಟೂರು ಅಂತ ತೀರ್ಮಾನ ಆಯಿತು. 1911ರಿಂದ 1924, ಹದಿಮೂರು ವರ್ಷ! ನಾವು ಮೂರು ದಿನ ರಿಪ್ಲೈ ಬರದಿದ್ರೆ ರಿಸೈನ್ ಮಾಡ್ತೀನಿ ಅಂತ ಸ್ಟೇಟಸ್ ಹಾಕ್ತೀವಿ.

ಈ ಅಡಿಪಾಯದ ಕತೆ ಓದಿದಾಗ ಮೊದಲು ನನಗೆ ಬರೀ ಖುಷಿ ಆಯ್ತು, ಎಂಥ ಉಪಾಯ ಅಂತ. ಆಮೇಲೆ ಮಾನ್ವಿ ನೆನಪಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರುಗಳು ನಮ್ಮ ಮಾನ್ವಿ, ರಾಯಚೂರು ಕಡೆಯವು. ಮೇಲೆ ಗಂಗಾವತಿ, ಸಿಂಧನೂರು ಕಡೆ ಗದ್ದೆ ತುಂಬಿದ ಮೇಲೆ ನಮ್ಮ ಕಡೆಗೆ ನೀರು ಬರುತ್ತೋ ಇಲ್ಲವೋ ಅಂತ ಪ್ರತಿ ವರ್ಷ ರೈತರು ರಸ್ತೆಗೆ ಇಳೀತಾರೆ. ಮೇಲಿನವರು ಗೇಟು ಹಾಕಿ ಕೂತರೆ ಕೆಳಗಿನವರಿಗೆ ಏನಾಗುತ್ತೆ ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ. ತಂಜಾವೂರಿನ ರೈತರಿಗೂ ಅವತ್ತು ಅದೇ ಭಯ. ಹಾಗಾಗಿ ಮದ್ರಾಸು ತಡ ಮಾಡಿದ್ದು ಬರೀ ಮೊಂಡುತನ ಅನ್ನೋಕೆ ನನಗೆ ಮನಸ್ಸು ಬರಲ್ಲ. ಉತ್ತರ ಕೊಡದೆ ಇರೋರಿಗೂ ಒಂದು ಕಾರಣ ಇರಬಹುದು, ಅದು ಏನು ಅಂತ ತಿಳ್ಕೊಂಡ್ರೆ ಅರ್ಧ ಕೆಲಸ ಆದಂಗೆ. ಕೊನೆಗೆ ಈ ಜಗಳ ಬಗೆಹರಿದದ್ದು ಅಗಲ ಅಡಿಪಾಯದಿಂದ ಅಲ್ಲ, ಎರಡೂ ಕಡೆ ಎಷ್ಟು ನೀರು ಅಂತ ಕಾಗದದ ಮೇಲೆ ಬರೆದುಕೊಂಡದ್ದರಿಂದ. ಅಡಿಪಾಯ ಮಾಡಿದ ಕೆಲಸ ಒಂದೇ: ಉತ್ತರ ಬಂದ ದಿನ ಅದನ್ನು ಬಳಸಿಕೊಳ್ಳೋಕೆ ಮೈಸೂರು ರೆಡಿ ಇರೋ ಹಾಗೆ ನೋಡಿಕೊಂಡಿತು.

ಅವರೇ ಸಾಹೇಬರಾದಾಗ

1912ರ ನವೆಂಬರ್‌ನಲ್ಲಿ ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾದರು. ಒಬ್ಬ ಎಂಜಿನಿಯರ್ ದಿವಾನ ಆಗೋದು ಅಪರೂಪ. ಈಗ ಎಲ್ಲರ ಫೈಲೂ ಅವರ ಟೇಬಲ್ ಮೇಲೆ ಬರೋದು. ಆರು ವರ್ಷದಲ್ಲಿ ಆದದ್ದು ನೋಡಿ: 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಈಗಿನ ಯುವಿಸಿಇ. ನಾವು ಕನ್ನಡ ಸಂಘದವರು ಪರಿಷತ್ತಿಗೂ ಒಬ್ಬ ಸಿವಿಲ್ ಎಂಜಿನಿಯರ್ ಕೈ ತಾಗಿದೆ ಅಂತ ಹೆಮ್ಮೆಪಡಬಹುದು.

ಕನ್ನಂಬಾಡಿಯಲ್ಲಿ ಆಗ ಸುಮಾರು ಹತ್ತು ಸಾವಿರ ಜನ ಕೆಲಸ ಮಾಡ್ತಿದ್ದರು. ಆಗ ದೇಶದಲ್ಲಿ ಸಿಮೆಂಟ್ ಸುಲಭಕ್ಕೆ ಸಿಗ್ತಿರಲಿಲ್ಲ, ತರಿಸಿದ್ರೆ ದುಬಾರಿ. ಸುಣ್ಣ ಮತ್ತು ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲೇ ಕಲ್ಲು ಕಟ್ಟಿದರು. 1915ರ ಮಧ್ಯದ ಹೊತ್ತಿಗೆ ಗಣಿಗೆ ಹೆಚ್ಚಿನ ಕರೆಂಟ್ ಕೊಡಬೇಕು ಅಂತ ಗಡುವು. ದಿವಾನರಾದ ಮೇಲೂ ಸೈಟಿಗೆ ಹೋಗಿ ನೋಡೋದನ್ನು ಅವರು ಬಿಡಲಿಲ್ಲ. ತಾವು ಹುಡುಗನಾಗಿದ್ದಾಗ ಪಾಂಜ್ರಾ ದಂಡೆಗೆ ಬರದೆ ಉತ್ತರ ಬರೆದ ಸಾಹೇಬರ ನೆನಪು ಇತ್ತೋ ಏನೋ. ಅಣೆಕಟ್ಟು ಪೂರ್ತಿ ಆಗೋ ಹೊತ್ತಿಗೆ 1931 ಬಂತು. ಹಲವಾರು ಹಳ್ಳಿ ಮುಳುಗಿದವು, ಸಾವಿರಾರು ಜನ ಮನೆ ಬಿಟ್ಟು ಎದ್ದು ಹೋದರು. ಅವರ ಹೆಸರು ಯಾವ ಭಾಷಣದಲ್ಲೂ ಬರಲ್ಲ.

ಒಪ್ಪಲಾಗದ ಉತ್ತರ

ಉತ್ತರ ಬರದಿರೋದು ಒಂದು ಕಷ್ಟ. ಬಂದ ಉತ್ತರ ನಮಗೆ ಬೇಡವಾದದ್ದಾದ್ರೆ ಅದು ಇನ್ನೊಂದು ಕಷ್ಟ. 1918ರಲ್ಲಿ ಅದೂ ಆಯಿತು. ಸರ್ಕಾರಿ ನೌಕರಿಯಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ, ಹಿಂದುಳಿದವರಿಗೂ ಪಾಲು ಬೇಕು ಅಂತ ಹೋರಾಟ ಎದ್ದಿತ್ತು. ಮಹಾರಾಜರು ಆ ಮಾತಿಗೆ ಕಿವಿಗೊಟ್ಟು, ಚೀಫ್ ಜಸ್ಟಿಸ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ದಿವಾನರಿಗೆ ಮೀಸಲಾತಿ ಸರಿ ಕಾಣಲಿಲ್ಲ. ಅರ್ಹತೆ ಕಮ್ಮಿ ಆಗುತ್ತೆ, ಮೊದಲು ಶಿಕ್ಷಣ ಹರಡಲಿ ಅನ್ನೋದು ಅವರ ಅಭಿಪ್ರಾಯ. ಮಹಾರಾಜರು ತಮ್ಮ ನಿಲುವು ಬದಲಿಸಲಿಲ್ಲ. ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟು ಹೊರಬಂದರು.

ಈ ವಿಷಯದಲ್ಲಿ ನಾನು ಮಹಾರಾಜರ ಕಡೆ. 371 ಜೆ ಇರದಿದ್ರೆ ನಮ್ಮ ಭಾಗದ ಎಷ್ಟು ಜನ ಇವತ್ತು ಎಂಜಿನಿಯರಿಂಗ್, ಮೆಡಿಕಲ್ ಸೀಟಿನಲ್ಲಿ ಕೂತಿರ್ತಿದ್ದರು? ದೇವದುರ್ಗದ ಹಳ್ಳಿಯಿಂದ ಮನೆಯ ಮೊದಲ ಡಿಗ್ರಿ ಅಂತ ಬಂದವರು ನಮ್ಮ ಬೆಂಚಿನಲ್ಲೇ ಇದ್ದಾರೆ, ಅರ್ಹತೆ ಏನು ಕಮ್ಮಿ ಇಲ್ಲ ಅವರಿಗೆ. ದೊಡ್ಡವರು ಅಂದ ಮಾತ್ರಕ್ಕೆ ಎಲ್ಲದರಲ್ಲೂ ಸರಿ ಇರಬೇಕು ಅಂತಿಲ್ಲ. ಮೇಲಿನವರು ನಮ್ಮ ಮಾತು ಕೇಳಲಿಲ್ಲ ಅಂದ್ರೆ ಕೆಲವು ಸಲ ಅವರೇ ಸರಿ ಇರ್ತಾರೆ ಅನ್ನೋದಕ್ಕೂ ಇದು ಉದಾಹರಣೆ.

ಆದ್ರೆ ಅವರು ಬಿಟ್ಟ ರೀತಿ ಗಮನಿಸಬೇಕು. ಮಹಾರಾಜರ ವಿರುದ್ಧ ಪ್ರಚಾರಕ್ಕೆ ಇಳಿಯಲಿಲ್ಲ, ಒಳಗೇ ಕೂತು ಆದೇಶವನ್ನು ನಿಧಾನ ಮಾಡಲಿಲ್ಲ. ಸಂಬಂಧ ಕೆಡದೆ ಇದ್ದದ್ದಕ್ಕೇ 1923ರಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗ್ತಿದ್ದಾಗ ಅದೇ ಸಂಸ್ಥಾನ ಮತ್ತೆ ಅವರನ್ನೇ ಕರೆಯಿತು, ಅವರೂ ಬಂದರು. ಆ ಕೆಲಸಕ್ಕೆ ತಮಗೆ ಬರಬೇಕಾಗಿದ್ದ ದುಡ್ಡನ್ನು ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸೋ ಸಂಸ್ಥೆ ಶುರುಮಾಡೋಕೆ ಬಿಟ್ಟುಕೊಟ್ಟರು. ಅದೇ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್.

1955ರಲ್ಲಿ ಭಾರತ ರತ್ನ ಬಂತು. ತೊಂಬತ್ತು ದಾಟಿದ ಮೇಲೂ ಬಿಹಾರದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ಸಲಹೆ ಕೊಡೋಕೆ ಹೋಗಿದ್ದರು. 1962ರ ಏಪ್ರಿಲ್ 14ಕ್ಕೆ ಬೆಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು.

ಹಾಗಾದ್ರೆ ನಾವೇನು ಮಾಡೋದು?

ನಮ್ಮ ಮೇಲಿನವರು ಮಹಾರಾಜರೂ ಅಲ್ಲ, ನಾವು ಸರ್ ಎಂ.ವಿ.ಯೂ ಅಲ್ಲ, ಖರೆ. ಆದ್ರೂ ಅವರು ಮಾಡಿದ್ದರಲ್ಲಿ ನಮ್ಮ ಕೈಗೆ ಎಟುಕೋದು ಕೆಲವು ಇವೆ. ಕೇಳೋದನ್ನ ಬರೆದು ಕೇಳೋದು, ಅದರ ಜೊತೆ ಲೆಕ್ಕ ಮತ್ತು ತಾರೀಖು ಇಡೋದು. ದೊಡ್ಡದಕ್ಕೆ ಒಪ್ಪಿಗೆ ಸಿಗದಿದ್ರೆ ಅದನ್ನು ಎರಡು ಹಂತ ಮಾಡಿ ಮೊದಲನೆಯದಕ್ಕೆ ಕೇಳೋದು. ಎದುರಿನವರು ಯಾಕೆ ಸುಮ್ನಿದ್ದಾರೆ ಅಂತ ಅವರ ಜಾಗದಲ್ಲಿ ನಿಂತು ನೋಡೋದು. ಇನ್ನೂ ಮೇಲೆ ಹೋಗಬೇಕಾಗಿ ಬಂದ್ರೆ ಮನುಷ್ಯನ ಬಗ್ಗೆ ಅಲ್ಲ, ನಿಂತ ಕೆಲಸದ ಬಗ್ಗೆ ಮಾತಾಡೋದು. ಬಾಗಿಲು ನಿಜವಾಗಿ ಮುಚ್ಚಿದೆ ಅಂತ ಗೊತ್ತಾದ್ರೆ ಗಲಾಟೆ ಇಲ್ಲದೆ ಹೊರಡೋದು, ಮತ್ತೆ ಕರೆದ್ರೆ ಬರೋ ಹಾಗೆ ಹೊರಡೋದು.

ಇನ್ನೊಂದು, ಇದನ್ನು ನಾವು ಮರೀತೀವಿ. ನಾಲ್ಕೈದು ವರ್ಷದಲ್ಲಿ ನಮ್ಮ ಕೈಕೆಳಗೂ ಒಬ್ಬ ಹೊಸ ಹುಡುಗ ಅಥವಾ ಹುಡುಗಿ ಬರ್ತಾರೆ. ತುಂಗಭದ್ರೆಗೆ ಅಣೆಕಟ್ಟು ಕಟ್ಟೋ ಮಾತು ಮೊದಲು ಬಂದದ್ದು 1860ರಲ್ಲಿ, ಆರ್ಥರ್ ಕಾಟನ್ ಕಾಲದಲ್ಲಿ. ಹೈದರಾಬಾದು ಮತ್ತು ಮದ್ರಾಸು ಒಪ್ಪಂದಕ್ಕೆ ಬಂದದ್ದು 1944ರಲ್ಲಿ. ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಆ ನಡುವೆ ಎಷ್ಟು ಬರ ಬಂದು ಹೋದವು, ನಮ್ಮ ಮುತ್ತಜ್ಜಂದಿರು ಎಷ್ಟು ಮಂದಿ ಊರು ಬಿಟ್ಟರು. ಮೇಲೆ ಕೂತವರು ತಡ ಮಾಡಿದ್ರೆ ಬಿಸಿ ತಾಗೋದು ಕೆಳಗೆ, ಕಾಲುವೆಯ ಕೊನೆಯಲ್ಲಿ. ಅಲ್ಲಿಂದ ಬಂದ ನಾವು ಮುಂದೆ ಮೇಲಿನ ಕುರ್ಚಿಯಲ್ಲಿ ಕೂತಾಗ, ಬಂದ ಮೇಲ್‌ಗೆ ಆಗುತ್ತೆ ಅಂತಲೋ ಆಗಲ್ಲ ಅಂತಲೋ ಎರಡು ಸಾಲು ಉತ್ತರ ಕೊಡೋಣ.